ಲಿನಕ್ಸ್ ಹಾಕಿದ ಮೇಲೆ ಆನ್ ಆಗುವಾಗ ಸ್ಕ್ರೀನ್ ವಿಚಿತ್ರವಾಗಿ ಕಾಣುತ್ತಿದೆ, ಡಿಸ್‌ಪ್ಲೇ ಹೋಯ್ತಾ?

ಪ್ರಶ್ನೆ: ಗುಬ್ಬಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಪಹಣಿ ಪ್ರಿಂಟ್, ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಕಾರ್ಡ್ ಡಿಸೈನ್ ಮಾಡಿಕೊಡುತ್ತೇನೆ. ಇರುವುದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4ನೇ ಜನರೇಷನ್ ಐ3. ಬ್ಯಾಟರಿ ಸತ್ತಿದೆ, ಚಾರ್ಜರ್ ಮೇಲೆಯೇ ಓಡುತ್ತದೆ. ವಿಂಡೋಸ್ ತೀರಾ ನಿಧಾನ ಆಯಿತು ಅಂತ ಮಗ ಅದನ್ನು ತೆಗೆದು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಆನ್ ಮಾಡಿದಾಗ ಕಂಪನಿ ಲೋಗೋ ಆದ ಮೇಲೆ ಕೆಲವು ದಿನ ದಪ್ಪ ಅಕ್ಷರದ ಒಂದು ಮೆನು ಬಂದು ಅರ್ಧ ನಿಮಿಷ ನಿಂತುಬಿಡುತ್ತದೆ, ಕೆಲವು ದಿನ ಬರುವುದೇ ಇಲ್ಲ. ಆಮೇಲೆ ಸ್ಕ್ರೀನ್ ಕಪ್ಪಾಗಿ ‘ಎರರ್’ ಅಂತ ಬಿಳಿ ಅಕ್ಷರ ಓಡುತ್ತವೆ. ಗಿರಾಕಿಗಳು ನೋಡಿ ‘ಏನ್ ಮೇಡಂ, ಕೆಟ್ಟೋಗಿದ್ಯಾ’ ಅಂತಾರೆ. ಮಗ ಒಂದು ವಿಡಿಯೋ ನೋಡಿ ‘ನೋಮೋಡ್‌ಸೆಟ್’ ಅಂತ ಏನೋ ಸೇರಿಸಿದ. ಅವತ್ತಿನಿಂದ ಫೋಟೋದಲ್ಲಿ ಎಲ್ಲರ ಮುಖವೂ ಊದಿಕೊಂಡ ಹಾಗೆ ಕಾಣುತ್ತದೆ. ಪ್ರಿಂಟ್ ತೆಗೆದರೆ ಮಾತ್ರ ಸರಿ ಇರುತ್ತದೆ. ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿಲ್ಲ, ಫ್ಯಾನ್ ಸದ್ದು ಜಾಸ್ತಿ. ರಿಪೇರಿಯವರೊಬ್ಬರಿಗೆ ತೋರಿಸಿದರೆ ‘ಡಿಸ್‌ಪ್ಲೇ ಹೋಗ್ತಾ ಇದೆ, ಗ್ರಾಫಿಕ್ಸ್ ಚಿಪ್ಪೂ ವೀಕು, ಲಿನಕ್ಸ್ ಹಾಕಿದ್ದಕ್ಕೇ ಹೀಗಾಗಿದ್ದು’ ಅಂದರು. ನಿಜವಾ? ಡಿಸ್‌ಪ್ಲೇ ಬದಲಿಸಬೇಕಾ, ಇಲ್ಲ ವಿಂಡೋಸ್‌ಗೇ ವಾಪಸ್ ಹೋಗೋದಾ?

ಉತ್ತರ: ಮೊದಲು ಡಿಸ್‌ಪ್ಲೇಗೆ ಕೊಡಬೇಕೆಂದಿರುವ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ನೀವು ಬರೆದ ಒಂದು ಮಾತು ನನಗೆ ಅರ್ಧ ಉತ್ತರ ಕೊಟ್ಟಿತು. ಸ್ಕ್ರೀನಿನಲ್ಲಿ ಮುಖ ಊದಿಕೊಂಡಿದೆ, ಪ್ರಿಂಟ್ ಸರಿ ಇದೆ ಅಂದಿರಿ. ಅಂದರೆ ಫೈಲ್ ಸರಿ, ಸಾಫ್ಟ್‌ವೇರ್ ಸರಿ, ಚಿತ್ರವನ್ನು ಪರದೆಗೆ ಕಳಿಸುವ ಅಳತೆ ಮಾತ್ರ ತಪ್ಪಿದೆ. ಪ್ಯಾನೆಲ್ ಹಾಳಾದರೆ ಗೆರೆ ಬರುತ್ತವೆ, ಕಲೆ ಬರುತ್ತವೆ, ಒಂದು ಕಡೆ ಕತ್ತಲಾಗುತ್ತದೆ, ಮಿಣುಕುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಅಗಲವಾಗುವ ಕಾಯಿಲೆ ಪ್ಯಾನೆಲ್‌ಗೆ ಬರುವುದಿಲ್ಲ.

ಆ ಅಗಲ ಎಷ್ಟು ಅಂತಲೂ ಹೇಳಬಹುದು. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಪರದೆ 1366×768, ಅಂದರೆ ಅಗಲಕ್ಕೆ 1366 ಚುಕ್ಕೆ, ಎತ್ತರಕ್ಕೆ 768. ನಿಮ್ಮದೂ ಅದೇ ಇರಬೇಕು. ನೋಮೋಡ್‌ಸೆಟ್ ಆದ ಮೇಲೆ ಅದು 1024×768ರಲ್ಲಿ ಓಡುತ್ತಿರುವ ಹಾಗಿದೆ. ಎತ್ತರ ಎರಡರಲ್ಲೂ 768. ಅಗಲ ಮಾತ್ರ 1024 ಇದ್ದದ್ದನ್ನು 1366ಕ್ಕೆ ಎಳೆದು ಹರಡಬೇಕು. ಮೂರರಲ್ಲಿ ಒಂದು ಪಾಲು ಜಾಸ್ತಿ ಅಗಲ. ಮದುಮಗಳ ಮುಖ ಊದಿಕೊಳ್ಳದೆ ಇನ್ನೇನಾಗುತ್ತದೆ? ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ, ಅಲ್ಲಿ 1024×768 ಅಂತ ಇದ್ದು ಬೇರೆ ಆಯ್ಕೆಯೇ ಇಲ್ಲದಿದ್ದರೆ ನನ್ನ ಊಹೆ ಸರಿ.

ಇನ್ನು ‘ಲಿನಕ್ಸ್ ಡಿಸ್‌ಪ್ಲೇ ಸುಡುತ್ತದೆ’ ಅನ್ನುವ ಮಾತು. ಇದು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಹಿಂದೆ ಡಬ್ಬದಂಥ ಸಿಆರ್‌ಟಿ ಮಾನಿಟರ್ ಇದ್ದಾಗ ಲಿನಕ್ಸ್‌ನಲ್ಲಿ ಅದರ ವೇಗದ ಅಂಕಿಗಳನ್ನು ಕೈಯಲ್ಲೇ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಕೆಲವು ಹಳೆಯ ಮಾನಿಟರ್‌ಗಳಿಗೆ ನಿಜವಾಗಿಯೂ ಪೆಟ್ಟು ಬೀಳುವ ಅಪಾಯ ಇತ್ತು. ಲ್ಯಾಪ್‌ಟಾಪ್ ಪ್ಯಾನೆಲ್ ಹಾಗಲ್ಲ. ‘ನನ್ನ ಅಳತೆ ಇಷ್ಟು’ ಅಂತ ಅದೇ ಒಂದು ಸಣ್ಣ ಚಿಪ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ, ಲಿನಕ್ಸ್ ಅದನ್ನು ಓದಿಕೊಳ್ಳುತ್ತದೆ. ‘ಗ್ರಾಫಿಕ್ಸ್ ಚಿಪ್ ವೀಕು’ ಅನ್ನುವ ಮಾತನ್ನೂ ಬಿಡಿ. ನಿಮ್ಮ ಐ3ಯಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ.

ಆದರೂ ಅನುಮಾನ ಉಳಿಯಬಾರದು ಅಲ್ವಾ? ಲ್ಯಾಪ್‌ಟಾಪ್ ಆನ್ ಮಾಡಿ ಬಯೋಸ್ ಸೆಟಪ್‌ಗೆ ಹೋಗಿ. ಬಯೋಸ್ ಅಂದರೆ ಎಲ್ಲಕ್ಕಿಂತ ಮೊದಲು ಏಳುವ, ಕಂಪನಿಯೇ ಲ್ಯಾಪ್‌ಟಾಪ್ ಒಳಗೆ ಇಟ್ಟಿರುವ ಪ್ರೋಗ್ರಾಂ. ಕಂಪನಿಗೆ ತಕ್ಕಂತೆ ಎಫ್2, ಎಫ್10 ಅಥವಾ ಡಿಲೀಟ್ ಕೀ. ಅಲ್ಲಿ ಲಿನಕ್ಸ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆ ಪುಟವನ್ನು ಐದು ನಿಮಿಷ ಹಾಗೇ ಬಿಟ್ಟು, ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಡಿಸ್‌ಪ್ಲೇ ಕೇಬಲ್ ಹಿಂಜ್ ಮೂಲಕವೇ ಹಾದುಹೋಗುವುದರಿಂದ ಅದು ಸವೆದಿದ್ದರೆ ಆಡಿಸಿದಾಗ ಚಿತ್ರ ಮಿಣುಕುತ್ತದೆ. ಗೆರೆ, ಮಿಣುಕು ಏನೂ ಇಲ್ಲವೆಂದರೆ ಪ್ಯಾನೆಲ್ಲೂ ಕೇಬಲ್ಲೂ ಚೆನ್ನಾಗಿವೆ. ಗೆರೆ ಅಲ್ಲೂ ಕಂಡರೆ ಮಾತ್ರ ರಿಪೇರಿಯವರ ಮಾತಿಗೆ ಬೆಲೆ ಕೊಡಿ. ಆಗಲೂ ಮೊದಲು ಕೇಬಲ್ ನೋಡಲು ಹೇಳಿ, ಪ್ಯಾನೆಲ್ ಆಮೇಲೆ.

ಹಾಗಾದರೆ ಆನ್ ಆಗುವಾಗ ಅಷ್ಟೊಂದು ವೇಷ ಯಾಕೆ? ಪರದೆ ಆ ಅರ್ಧ ನಿಮಿಷದಲ್ಲಿ ನಾಲ್ಕು ಜನರ ಕೈ ದಾಟುತ್ತದೆ. ಮೊದಲು ಬಯೋಸ್ ಕಂಪನಿ ಲೋಗೋ ತೋರಿಸುತ್ತದೆ. ಆಮೇಲೆ ಗ್ರಬ್, ಅಂದರೆ ಯಾವ ಸಿಸ್ಟಂ ಎಬ್ಬಿಸಬೇಕು ಅಂತ ಕೇಳುವ ಮೆನು. ಅದು ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಒಪ್ಪಿಸುತ್ತದೆ. ಕರ್ನೆಲ್‌ನ ಇಂಟೆಲ್ ಡ್ರೈವರ್, ಅಂದರೆ ಗ್ರಾಫಿಕ್ಸ್ ನಡೆಸುವ ಪ್ರೋಗ್ರಾಂ, ಎದ್ದು ಪರದೆಯನ್ನು ಅದರ ನಿಜವಾದ ಅಳತೆಗೆ ತರುತ್ತದೆ. ಅದರ ಮೇಲೆ ಪ್ಲೈಮೌತ್ ಅನ್ನುವ ಪ್ರೋಗ್ರಾಂ ಮಿಂಟ್ ಲೋಗೋ ತೋರಿಸಿ, ಕೊನೆಗೆ ಲಾಗಿನ್ ಪರದೆಗೆ ಬಿಟ್ಟುಕೊಡುತ್ತದೆ. ಉತ್ಸವದ ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸುವಾಗ ಪಲ್ಲಕ್ಕಿ ಕೊಂಚ ವಾಲುತ್ತದಲ್ಲ, ನೀವು ನೋಡುವ ಕಪ್ಪು ಪರದೆ, ಮಿಣುಕು ಎಲ್ಲ ಅದೇ. ವಿಂಡೋಸ್‌ನಲ್ಲೂ ಇಂಥ ಹಸ್ತಾಂತರ ನಡೆಯುತ್ತದೆ. ಅದು ಲೋಗೋ ಹಿಂದೆ ಮುಚ್ಚಿಡುತ್ತದೆ ಅಷ್ಟೆ.

ಕರ್ನೆಲ್ ತಾನೇ ಪರದೆಯ ಅಳತೆ ಹೊಂದಿಸುವ ಈ ಏರ್ಪಾಡು ಇಂಟೆಲ್ ಗ್ರಾಫಿಕ್ಸ್‌ಗೆ 2009ರಲ್ಲಿ, ಕರ್ನೆಲ್ 2.6.29ರ ಜೊತೆಗೆ ಬಂತು. ನಿಮ್ಮ ಮಗ ಸೇರಿಸಿದ ನೋಮೋಡ್‌ಸೆಟ್ ಅನ್ನುವ ಪದ ಅದನ್ನೇ ಆಫ್ ಮಾಡುತ್ತದೆ. ಇಂಟೆಲ್ ಡ್ರೈವರ್ ಏಳುವುದೇ ಇಲ್ಲ. ಗ್ರಬ್ ಯಾವ ಅಳತೆಯಲ್ಲಿ ಪರದೆ ಒಪ್ಪಿಸಿತ್ತೋ ಅದೇ ಕೊನೆತನಕ ಉಳಿಯುತ್ತದೆ. ಹಾಗಾಗಿಯೇ ಮೆನುವಿನ ದಪ್ಪ ಅಕ್ಷರ ಡೆಸ್ಕ್‌ಟಾಪ್‌ಗೂ ಬಂತು. ಬ್ರೈಟ್‌ನೆಸ್ ಹೊಂದಿಸುತ್ತಿದ್ದದ್ದು ಆ ಡ್ರೈವರ್, ಅದೂ ಹೋಯಿತು. ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬಿದ್ದು ಬಿಸಿಯಾಯಿತು, ಫ್ಯಾನ್ ಕೂಗತೊಡಗಿತು. ಎಚ್‌ಡಿಎಂಐಗೆ ಟಿವಿ ಚುಚ್ಚಿದರೂ ಈಗ ಸರಿಯಾಗಿ ಬರುವುದಿಲ್ಲ. ನೀವು ಬೇರೆ ಬೇರೆ ತೊಂದರೆ ಅಂತ ಬರೆದ ಮೂರಕ್ಕೂ ಕಾರಣ ಒಂದೇ ಪದ.

ನಿಮ್ಮ ಮಗನನ್ನು ಬೈಯಬೇಡಿ. ನೋಮೋಡ್‌ಸೆಟ್ ಒಳ್ಳೆಯ ಉಪಾಯವೇ. ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಪರದೆ ಪೂರ್ತಿ ಕಪ್ಪಾಗಿ ನಿಂತುಬಿಟ್ಟರೆ ಅದೇ ಕಾಪಾಡುತ್ತದೆ. ಮಿಂಟ್‌ನ ಇನ್‌ಸ್ಟಾಲ್ ಮೆನುವಿನಲ್ಲಿರುವ ‘ಕಂಪ್ಯಾಟಿಬಿಲಿಟಿ ಮೋಡ್’ ಕೂಡ ಇದನ್ನೇ ಮಾಡುತ್ತದೆ. ಡ್ರೈವರ್ ಹಾಕುವ ತನಕ ಇರಬೇಕಾದ್ದು, ಆಮೇಲೆ ತೆಗೆಯಬೇಕು. ವಿಡಿಯೋ ಮಾಡುವವರು ಈ ಎರಡನೇ ಭಾಗ ಹೇಳುವುದೇ ಇಲ್ಲ.

ತೆಗೆಯುವ ಬಗೆ ಹೇಳುತ್ತೇನೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.

ಮೊದಲು ಸುಮ್ನೆ ಪರೀಕ್ಷೆ. ಆನ್ ಮಾಡಿ, ಕಂಪನಿ ಲೋಗೋ ಹೋಗುತ್ತಿದ್ದಂತೆ ಎಸ್ಕೇಪ್ ಕೀ ಒಂದು ಸಲ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಜಾಸ್ತಿ ಒತ್ತಿ ‘ಗ್ರಬ್>’ ಅಂತ ಖಾಲಿ ಸಾಲು ಬಂದರೆ ಗಾಬರಿ ಬೇಡ, ‘ನಾರ್ಮಲ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಮೆನುವಿನ ಮೊದಲ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀ ಒತ್ತಿ. ಒಂದಷ್ಟು ಸಾಲು ತೆರೆಯುತ್ತವೆ. ‘ಲಿನಕ್ಸ್’ ಅಂತ ಶುರುವಾಗುವ ಉದ್ದನೆಯ ಸಾಲಿನ ಕೊನೆಯಲ್ಲಿ ‘ಕ್ವೈಟ್ ಸ್ಪ್ಲ್ಯಾಶ್ ನೋಮೋಡ್‌ಸೆಟ್’ ಅಂತ ಇರುತ್ತದೆ. ನೋಮೋಡ್‌ಸೆಟ್ ಅನ್ನುವ ಪದ ಮಾತ್ರ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ, ಎಲ್ಲೂ ಸೇವ್ ಆಗುವುದಿಲ್ಲ. ಪರದೆ ಕಪ್ಪಾಗಿ ನಿಂತರೂ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮೊದಲಿನ ಹಾಗೇ ಇರುತ್ತದೆ. ಬೂಟ್ ಸೆಟ್ಟಿಂಗ್ ಯಾವುದನ್ನೇ ಮುಟ್ಟುವ ಮೊದಲು ನಾನು ಹೀಗೆ ತಾತ್ಕಾಲಿಕವಾಗಿ ನೋಡಿಯೇ ಮುಂದೆ ಹೋಗುವುದು.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮುಖಗಳು ಸರಿ ಅಗಲಕ್ಕೆ ಬಂದು, ಬ್ರೈಟ್‌ನೆಸ್ ಕೀ ಕೆಲಸ ಮಾಡತೊಡಗಬೇಕು. ಬಂತಾ? ಹಾಗಾದರೆ ಶಾಶ್ವತ ಮಾಡಿ. ‘ಇಟಿಸಿ’ ಫೋಲ್ಡರ್ ಒಳಗೆ ‘ಡಿಫಾಲ್ಟ್’ ಫೋಲ್ಡರ್, ಅದರೊಳಗೆ ‘ಗ್ರಬ್’ ಅನ್ನುವ ಫೈಲ್. ಮೊದಲು ಅದನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿಡಿ. ಆಮೇಲೆ ಟರ್ಮಿನಲ್‌ನಲ್ಲಿ ಸುಡೋ (ಯಜಮಾನನ ಅಧಿಕಾರ ಕೊಡುವ ಕಮಾಂಡ್) ಕೊಟ್ಟು ನ್ಯಾನೋ ಅನ್ನುವ ಎಡಿಟರ್‌ನಲ್ಲಿ ತೆರೆಯಿರಿ. ‘ಸಿಎಂಡಿಲೈನ್ ಲಿನಕ್ಸ್ ಡಿಫಾಲ್ಟ್’ ಅನ್ನುವ ಸಾಲಿನಿಂದ ನೋಮೋಡ್‌ಸೆಟ್ ಅಳಿಸಿ ಸೇವ್ ಮಾಡಿ. ಆಮೇಲೆ ‘ಸುಡೋ ಅಪ್‌ಡೇಟ್-ಗ್ರಬ್’. ಕೊನೆಗೆ ‘ಡನ್’ ಅಂತ ಬಂದರೆ ಆಯಿತು.

ಇಲ್ಲಿ ಜನ ಎಡವುವುದು ಎರಡೇ ಕಡೆ. ವಾಟ್ಸ್ಯಾಪ್‌ನಲ್ಲಿ ಬಂದ ಸಾಲನ್ನು ಕಾಪಿ ಮಾಡಿ ಅಂಟಿಸುತ್ತಾರೆ. ಅದರಲ್ಲಿ ನೇರವಾದ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಒಂದೇ ಅಲ್ಲ. ಇನ್ನೊಂದು, ಸಮ ಚಿಹ್ನೆಯ ಆಚೀಚೆ ಚೆಂದ ಕಾಣಲಿ ಅಂತ ಜಾಗ ಬಿಡುತ್ತಾರೆ. ಬಿಡಬಾರದು. ಹೀಗೆ ತಪ್ಪಿದರೆ ಅಪ್‌ಡೇಟ್-ಗ್ರಬ್ ಎರರ್ ಕೊಟ್ಟು ನಿಲ್ಲುತ್ತದೆ, ಹಳೆಯ ಮೆನು ಹಾಗೇ ಉಳಿದಿರುತ್ತದೆ. ತಪ್ಪು ತಿದ್ದಿ ಮತ್ತೆ ಓಡಿಸಿದರೆ ಮುಗಿಯಿತು. ಕೆಲವರು ‘ಗ್ರಬ್ ಡಾಟ್ ಸಿಎಫ್‌ಜಿ’ ಅನ್ನುವ ಫೈಲನ್ನೇ ನೇರವಾಗಿ ತಿದ್ದುತ್ತಾರೆ. ಮುಂದಿನ ಕರ್ನೆಲ್ ಅಪ್‌ಡೇಟ್ ಬಂದಾಗ ಅದು ಹೊಸದಾಗಿ ಬರೆಯಲ್ಪಟ್ಟು ತಿದ್ದಿದ್ದೆಲ್ಲ ಮಾಯ. ಆ ಫೈಲಿನ ಶುರುವಿನಲ್ಲೇ ‘ಇದನ್ನು ತಿದ್ದಬೇಡಿ’ ಅಂತ ಬರೆದಿದೆ, ಓದುವವರು ಯಾರು!

ಡೆಸ್ಕ್‌ಟಾಪ್ ಸಮಸ್ಯೆ ಇಲ್ಲಿಗೆ ಮುಗಿಯಿತು. ಇನ್ನು ಮೆನು.

ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ ಅಂದಿರಲ್ಲ, ಅದು ದೆವ್ವವೂ ಅಲ್ಲ, ಚಿಪ್ ವೀಕಾಗಿದ್ದೂ ಅಲ್ಲ. ಒಂದೇ ಸಿಸ್ಟಂ ಇದ್ದರೆ ಮಿಂಟ್ ಈ ಮೆನುವನ್ನು ಬಚ್ಚಿಡುತ್ತದೆ. ಆದರೆ ಗ್ರಬ್ ಪ್ರತಿ ಸಲ ಬೂಟ್ ಶುರು ಮಾಡುವಾಗ ಒಂದು ಗುರುತು ಹಾಕಿಕೊಳ್ಳುತ್ತದೆ. ಸಿಸ್ಟಂ ಪೂರ್ತಿ ಎದ್ದ ಮೇಲೆ ಆ ಗುರುತು ಅಳಿಸಿಹೋಗುತ್ತದೆ. ಮಧ್ಯದಲ್ಲೇ ಕರೆಂಟ್ ಹೋಯಿತು ಅಂದರೆ ಗುರುತು ಹಾಗೇ ಉಳಿಯುತ್ತದೆ. ‘ಹೋದ ಸಲ ಏನೋ ಎಡವಟ್ಟಾಗಿದೆ, ಯಜಮಾನರು ಬೇರೆ ಏನಾದರೂ ಆರಿಸಬಹುದು’ ಅಂತ ಮುಂದಿನ ಸಲ ಮೆನು ತೋರಿಸಿ 30 ಸೆಕೆಂಡ್ ಕಾಯುತ್ತದೆ. ನಿಮ್ಮ ಬ್ಯಾಟರಿ ಸತ್ತಿದೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಕರೆಂಟ್ ಹೋಗಿ ಬಂದ ದಿನಗಳನ್ನು ಮೆನು ಬಂದ ದಿನಗಳ ಜೊತೆ ಹೋಲಿಸಿ ನೋಡಿ. ನಿಜವಾದ ಔಷಧಿ ಒಂದು ಬ್ಯಾಟರಿ ಅಥವಾ ಸಣ್ಣ ಯುಪಿಎಸ್. ಡಿಸ್‌ಪ್ಲೇಗೆ ಅಂತ ಎತ್ತಿಟ್ಟ ದುಡ್ಡು ಅಲ್ಲಿಗೆ ಹೋಗಲಿ, ಹಾರ್ಡ್ ಡಿಸ್ಕೂ ಉಳಿದುಕೊಳ್ಳುತ್ತದೆ. ಕಾಯುವ ಹೊತ್ತು ಕಡಿಮೆ ಮಾಡಬೇಕಿದ್ದರೆ ಅದೇ ಗ್ರಬ್ ಫೈಲಿಗೆ ‘ಗ್ರಬ್_ರೆಕಾರ್ಡ್‌ಫೇಲ್_ಟೈಮೌಟ್=5’ ಅಂತ ಒಂದು ಸಾಲು ಸೇರಿಸಿ, ದೊಡ್ಡಕ್ಷರದಲ್ಲಿ. ಸೊನ್ನೆ ಮಾತ್ರ ಕೊಡಬೇಡಿ. ನಿಜವಾಗಿಯೂ ಸಿಸ್ಟಂ ಏಳದ ದಿನ ಆ ಮೆನುವೇ ನಿಮ್ಮ ಕೈ ಹಿಡಿಯುವುದು. ಹಳೆಯ ಕರ್ನೆಲ್ ಆರಿಸುವುದು, ರಿಕವರಿ ಮೋಡ್, ಎಲ್ಲ ಅಲ್ಲಿಂದಲೇ.

ಮೆನು ಬಂದಾಗ ಅಕ್ಷರ ದಪ್ಪ ಕಾಣುವುದನ್ನು ಸರಿಮಾಡಬಹುದಾ? ಬಹುಶಃ. ಮೆನು ಇರುವಾಗ ‘ಸಿ’ ಅಕ್ಷರ ಒತ್ತಿ, ‘ವಿಡಿಯೋಇನ್ಫೋ’ ಅಂತ ಟೈಪ್ ಮಾಡಿದರೆ ನಿಮ್ಮ ಬಯೋಸ್ ಗ್ರಬ್‌ಗೆ ಯಾವ ಯಾವ ಅಳತೆ ಕೊಡಬಲ್ಲದು ಅಂತ ಪಟ್ಟಿ ಬರುತ್ತದೆ. ಗ್ರಬ್‌ಗೆ ಇಂಟೆಲ್ ಡ್ರೈವರ್ ಇಲ್ಲ, ಬಯೋಸ್ ಕೊಟ್ಟಿದ್ದನ್ನೇ ಉಣ್ಣಬೇಕು. ಪಟ್ಟಿಯಲ್ಲಿ 1366×768 ಇದ್ದರೆ ಅದೃಷ್ಟ. ಗ್ರಬ್ ಫೈಲಿನಲ್ಲಿ ‘ಜಿಎಫ್‌ಎಕ್ಸ್‌ಮೋಡ್’ ಅನ್ನುವ ಸಾಲಿನ ಮುಂದಿರುವ ಹ್ಯಾಶ್ ತೆಗೆದು, 640×480 ಇರುವ ಕಡೆ 1366×768 ಬರೆದು, ಅಲ್ಪವಿರಾಮ ಹಾಕಿ ‘ಆಟೋ’ ಸೇರಿಸಿ. ನಡುವೆ ಗುಣಾಕಾರ ಚಿಹ್ನೆ ಬೇಡ, ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರ. ಮೊದಲನೆಯದು ಆಗದಿದ್ದರೆ ಗ್ರಬ್ ಆಟೋಗೆ ಹೋಗುತ್ತದೆ, ಹಾಗಾಗಿ ಅಪಾಯ ಇಲ್ಲ. ಆ ಸಾಲಿನಲ್ಲಿ ಮಗ ಆಗಲೇ 1024×768 ಬರೆದಿದ್ದರೆ ಅದನ್ನಂತೂ ತೆಗೆಯಿರಿ.

ಪಟ್ಟಿಯಲ್ಲಿ 1366 ಇಲ್ಲದಿದ್ದರೂ ಆಶ್ಚರ್ಯ ಇಲ್ಲ. ಪರದೆ ಅಳತೆಗಳ ಹಳೆಯ ಲೆಕ್ಕವೆಲ್ಲ ಎಂಟರಿಂದ ಭಾಗವಾಗುವ ಅಗಲದ ಮೇಲೆ ನಿಂತಿದೆ. 1024, 1280, 1920 ಎಲ್ಲ ಎಂಟರಿಂದ ಭಾಗವಾಗುತ್ತವೆ, 1366 ಆಗುವುದಿಲ್ಲ. ಅದಕ್ಕೇ ಎಷ್ಟೋ ಕಡೆ 1360×768 ಅಂತ ಇರುತ್ತದೆ, ಇಲ್ಲ 1024×768ಕ್ಕೇ ನಿಂತಿರುತ್ತದೆ. 1360 ಇದ್ದರೆ ಅದನ್ನೇ ಕೊಡಿ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಇಲ್ಲವೇ? ಬಿಟ್ಟುಬಿಡಿ. ಐದು ಸೆಕೆಂಡ್ ಕಾಣುವ ಮೆನುವಿಗೆ ಅರ್ಧ ದಿನ ಕಳೆಯುವುದು ನಷ್ಟದ ವ್ಯಾಪಾರ.

ಈ ಹುಡುಕಾಟದಲ್ಲಿ ನಿಮ್ಮ ಮಗನಿಗೆ ಇನ್ನಷ್ಟು ಸಲಹೆ ಸಿಗುತ್ತವೆ. ‘ವಿಜಿಎ=791’ ಅನ್ನುವುದು ಗ್ರಬ್‌ನ ಹಳೆಯ ಕಾಲದ್ದು. ಅದರ ಅರ್ಥವೇ 1024×768, ನಿಮಗೆ ಬೇಡವಾದದ್ದೇ ಅದು. ‘ಗ್ರಬ್ ಕಸ್ಟಮೈಸರ್’ ಚೆಂದವಾಗಿ ಬಟನ್ ತೋರಿಸುತ್ತದೆ, ಆದರೆ ಒಳಗಿನ ಸ್ಕ್ರಿಪ್ಟ್‌ಗಳ ಜಾಗವನ್ನೇ ಬದಲಿಸಿಡುತ್ತದೆ. ಆಮೇಲೆ ಕೆಟ್ಟರೆ ಬಿಡಿಸುವುದು ತಲೆನೋವು. ‘ಬಯೋಸ್ ಅಪ್‌ಡೇಟ್ ಮಾಡಿ’ ಅಂದರಂತೂ ಕಿವಿಗೆ ಹಾಕಿಕೊಳ್ಳಬೇಡಿ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಮಲಗುತ್ತದೆ.

ಮಿಂಟ್ ಲೋಗೋ ತಡವಾಗಿ ಬರುವುದಕ್ಕೆ ಕಾರಣ ಇಂಟೆಲ್ ಡ್ರೈವರ್ ತಡವಾಗಿ ಏಳುವುದು. ಆ ಡ್ರೈವರ್‌ನ ಹೆಸರು ‘ಐ915’. ಅದನ್ನು ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್ ಶುರುವಿನಲ್ಲಿ ಕರ್ನೆಲ್ ಜೊತೆ ಏಳುವ ಸಣ್ಣ ಕಟ್ಟು) ಮಾಡ್ಯೂಲ್ಸ್ ಫೈಲಿಗೆ ಸೇರಿಸಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಓಡಿಸಿದರೆ ಬೇಗ ಬರುತ್ತದೆ. ಉಳಿಯುವುದು ಹೆಚ್ಚೆಂದರೆ ಒಂದೆರಡು ಸೆಕೆಂಡ್. ಆ ಫೈಲ್ ಬರೆಯುವಾಗ ಕರೆಂಟ್ ಹೋದರೆ ಮುಂದಿನ ಸಲ ಏಳದಿರಬಹುದು. ನನ್ನ ಕೇಳಿದರೆ ಬೇಡ.

ಕೊನೆಗೆ ಆ ಬಿಳಿ ಅಕ್ಷರದ ಎರರ್‌ಗಳು. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ, ಯಾಕಂದರೆ ಇದರಲ್ಲಿ ಒಂದು ನಿಜವಾದ ಅಪಾಯ ಅಡಗಿರಬಹುದು. ಮುಂದಿನ ಸಲ ಅವು ಓಡುವಾಗ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಲ್ಲಿಸಿ ಓದಿ. ‘ಎಸಿಪಿಐ ಬಯೋಸ್ ಎರರ್’ ಅಂತ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಲ್ಯಾಪ್‌ಟಾಪ್ ಕಂಪನಿ ವಿಂಡೋಸನ್ನು ಮಾತ್ರ ಮನಸ್ಸಿನಲ್ಲಿಟ್ಟು ಬಯೋಸ್ ಬರೆದಾಗ ಅದರಲ್ಲಿನ ತಪ್ಪನ್ನು ಲಿನಕ್ಸ್ ಎತ್ತಿ ಆಡುತ್ತದೆ, ಅಷ್ಟೆ. ‘ಕ್ವೈಟ್’ ಇದ್ದರೂ ಎರರ್ ದರ್ಜೆಯ ಸಾಲುಗಳು ಕಾಣುತ್ತವೆ, ಅದರ ಪಕ್ಕ ‘ಲಾಗ್‌ಲೆವೆಲ್=3’ ಸೇರಿಸಿದರೆ ಅವೂ ಮರೆಯಾಗುತ್ತವೆ. ‘ಎಫ್‌ಎಸ್‌ಸಿಕೆ’ ಅಂತ ಬಂದರೆ ಕರೆಂಟ್ ಹೋಗಿದ್ದಕ್ಕೆ ಡಿಸ್ಕ್ ಪರೀಕ್ಷೆ ನಡೆಯುತ್ತಿದೆ, ಮುಗಿಯಲು ಬಿಡಿ, ಮಧ್ಯೆ ಆಫ್ ಮಾಡಬೇಡಿ. ಆದರೆ ‘ಎಸ್‌ಡಿಎ’ (ಲಿನಕ್ಸ್ ಹಾರ್ಡ್ ಡಿಸ್ಕ್‌ಗೆ ಇಡುವ ಹೆಸರು) ಜೊತೆ ‘ಐ/ಓ ಎರರ್’ ಅಂತ ಕಂಡರೆ ಮಿಕ್ಕ ಕೆಲಸ ಬಿಟ್ಟು ಅವತ್ತೇ ಗಿರಾಕಿಗಳ ಫೋಟೋ, ಕಾರ್ಡ್ ಡಿಸೈನ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಅದು ಹಾರ್ಡ್ ಡಿಸ್ಕ್ ಸಾಯುವ ಸೂಚನೆ ಇರಬಹುದು. ಅದಕ್ಕೇ, ಓದಿ ನೋಡದೆ ಲಾಗ್‌ಲೆವೆಲ್ ಇಳಿಸಬೇಡಿ.

ವಿಂಡೋಸ್‌ಗೆ ವಾಪಸ್ ಹೋಗುವ ವಿಚಾರ. ನಿಮ್ಮ 4ನೇ ಜನರೇಷನ್ ಐ3 ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಪಟ್ಟಿಯಲ್ಲಿ ಇಲ್ಲ, ಇಂಟೆಲ್‌ನಲ್ಲಿ ಆ ಪಟ್ಟಿ ಹೆಚ್ಚೂಕಡಿಮೆ 8ನೇ ಜನರೇಷನ್‌ನಿಂದ ಶುರುವಾಗುತ್ತದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗಿರಾಕಿಗಳ ಆಧಾರ್, ಪಹಣಿ ಎಲ್ಲ ನಿಮ್ಮ ಲ್ಯಾಪ್‌ಟಾಪ್ ಮೂಲಕ ಹಾಯುವಾಗ ಭದ್ರತೆಯ ಅಪ್‌ಡೇಟ್ ನಿಂತುಹೋದ ಸಿಸ್ಟಂ ಇಟ್ಟುಕೊಳ್ಳಿ ಅಂತ ನಾನು ಹೇಳಲಾರೆ. ವಿಂಡೋಸ್‌ನಲ್ಲೇ ಓಡುವ ಯಾವುದಾದರೂ ಒಂದು ಸಾಫ್ಟ್‌ವೇರ್ ಇಲ್ಲದೆ ಅಂಗಡಿಯೇ ನಡೆಯದು ಅನ್ನುವ ಹಾಗಿದ್ದರೆ ಮಾತು ಬೇರೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಇಷ್ಟೆಲ್ಲ ಮಾಡಿಯೂ ನೋಮೋಡ್‌ಸೆಟ್ ತೆಗೆದಾಗ ಪರದೆ ಕಪ್ಪಾಗಿಯೇ ನಿಂತರೆ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನೆಲ್ ಆರಿಸಿ, ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಅಲ್ಲಿ ಸರಿಯಾಗಿ ಬಂದರೆ ಹೊಸ ಕರ್ನೆಲ್‌ನದ್ದೇ ತಪ್ಪು, ಮುಂದಿನ ಅಪ್‌ಡೇಟ್ ಬರುವ ತನಕ ಹಳೆಯದರಲ್ಲೇ ಓಡಿಸಿ. ಎರಡರಲ್ಲೂ ಬರದಿದ್ದರೆ ಮಿಂಟ್‌ನ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕಂಪ್ಯಾಟಿಬಿಲಿಟಿ ಮೋಡ್ ಆರಿಸದೆ, ಡೆಸ್ಕ್‌ಟಾಪ್ ಹೇಗೆ ಕಾಣುತ್ತದೆ ನೋಡಿ ನನಗೆ ಬರೆಯಿರಿ. ಜೊತೆಗೆ ಆ ಬಿಳಿ ಅಕ್ಷರಗಳ ವಿಡಿಯೋನೂ ಇರಲಿ.